ಅಥೆನ್ಸಿನ ಭೂಪಟ, ಎಂಟನೇ ಬಿ

ಗೋಡೆಯ ಭೂಪಟದಲ್ಲಿ ಗ್ರೀಸ್ ಇದ್ದ ಕಡೆ
ಗೆದ್ದಲು ತಿಂದಿತ್ತು.
ಬೋರ್ಡಿನ ಮೇಲೆ ನಾನೇ ಬರೆದೆ:
ಸಮುದ್ರಕ್ಕೆ ಚಾಚಿದ ಒಂದು ಮೊಂಡು ನಾಲಗೆ,
ಅದರ ತುದಿಗೆ ಲಾರಿಯನ್ ಅಂತ ಒಂದು ಚುಕ್ಕೆ.

ಸಮುದ್ರ ನೋಡಿದವರು ಕೈಯೆತ್ತಿ, ಅಂದೆ.
ಏಳಲಿಲ್ಲ ಒಂದೂ.
ಮೊಗಣ್ಣ ಮಾತ್ರ, ಹಿರೀಸಾವೆ ಕೆರೆ ಕೋಡಿ ಬಿದ್ದಿದ್ದು
ನೋಡಿದೀನಿ ಸಾ, ಸಾಕಾ, ಅಂದ.
ಸಾಕು.
ಆಚೆ ದಡ ಕಾಣದ ಹಾಗೆ ನೆನೆಸಿಕೋ, ನೀರು ಉಪ್ಪು.

ಮಣ್ಣು ತೆಳು, ಗುದ್ದಲಿ ಹಾಕಿದರೆ ಎರಡನೇ ಏಟಿಗೇ ಕಲ್ಲು.
ಬಾರ್ಲಿ ಅಷ್ಟಿಷ್ಟು ಬಂದೀತು.
ಗೋಧಿ ಮಾತ್ರ ಕಪ್ಪುಸಮುದ್ರದ ಕಡೆಯಿಂದ
ಹಡಗಿನಲ್ಲೇ ಬರಬೇಕು,
ನಮ್ಮ ಸೊಸೈಟಿಗೆ ಅಕ್ಕಿ ಬಂದ ಹಾಗೆ:
ಬಂದ ದಿನ ಬಂತು.
ಮಳೆಯೆಲ್ಲ ಚಳಿಗಾಲಕ್ಕೆ. ಬೇಸಿಗೆಯಲ್ಲಿ ಹೊಳೆಯೆಂದರೆ
ಉರುಟು ಕಲ್ಲುಗಳ ಒಂದು ದಾರಿ.
ಕಲ್ಲುಸಂದಿಯಲ್ಲಿ ಬೇರಿಟ್ಟು, ಆಲಿವ್ ಮರ.

ಆಲಿವ್ ಅಂದ್ರೆ ಏನ್ ಸಾ?
ನಾನೂ ಕಂಡವನಲ್ಲ. ಹೊಂಗೆ ಅನ್ನಲೇ, ಇಪ್ಪೆ ಅನ್ನಲೇ,
ದೀಪಕ್ಕೂ ಅದೇ ಎಣ್ಣೆ, ಅಡುಗೆಗೂ ಅದೇ,
ಕುಸ್ತಿಯವರ ಮೈಗೂ ಅದೇ.
ಹಂಗಾದ್ರೆ ಕೊಬ್ರಿ, ಎಂದಳು ದೇವೀರಮ್ಮ,
ಬರೆದುಕೊಂಡಳು: ಅಥೆನ್ಸಿನಲ್ಲಿ ತೆಂಗಿನಂಥದೊಂದು ಮರ.
ತಿದ್ದಲಿಲ್ಲ.

ಕುಂಬಾರನಿಗೆ ಸುಟ್ಟರೆ ಕೆಂಪೇರುವ ಜೇಡಿ.
ಬೆಟ್ಟದೊಳಗೆ ಬಿಳಿ ಅಮೃತಶಿಲೆ;
ಹಳೇಬೀಡಿನ ಬಳಪದ ಕಲ್ಲಿನ ಹಾಗೆ
ಉಗುರಿಗೆ ಮಣಿಯುವ ಜಾತಿಯಲ್ಲ.
ಇನ್ನು, ಈ ಚುಕ್ಕೆಯ ಕೆಳಗೆ, ಬೆಳ್ಳಿ

ಅನ್ನುವಾಗಲೇ ಎರಡು ಗಂಟೆಯ ಸಿಡಿತ.
ಕಿಟಕಿಯ ಸರಳು ಒಮ್ಮೆ ಅದುರಿ ಸುಮ್ಮನಾಯಿತು.
ಗಣಿಯ ಮದ್ದು. ಯಾರೂ ತಲೆಯೆತ್ತಲಿಲ್ಲ.
ನುಗ್ಗೇಹಳ್ಳಿ ಸೀಮೆಯ ಈ ನೆಲದಡಿ ಬೆಳ್ಳಿಯಿಲ್ಲ,
ಇರುವುದು ಕ್ರೋಮೈಟ್:
ಹೆಂಚಿನ ತಳದ ಮಸಿಯ ಬಣ್ಣ,
ಹಿಡಿಗಾತ್ರದ್ದು ಎತ್ತಿದರೂ ಮಣಿಕಟ್ಟು ಜಗ್ಗುವ ಭಾರ.
ಲಾರಿ ಹತ್ತುತ್ತದೆ, ಎಲ್ಲಿಗೋ ಹೋಗಿ
ಯಾರದೋ ಮನೆಯ ತಟ್ಟೆ ಲೋಟದಲ್ಲಿ ಹೊಳೆಯುತ್ತದೆ.

ಒಂದು ವರ್ಷ ಅಲ್ಲಿ ಬೆಳ್ಳಿಯೋ ಬೆಳ್ಳಿ.
ತಲೆಗೆ ಹತ್ತು ನಾಣ್ಯ ಹಂಚುವುದೋ
ಯುದ್ಧಕ್ಕೆ ಹಡಗು ಕಟ್ಟುವುದೋ?
ಊರಿನ ಗಂಡಸರು ಗುಡ್ಡದ ಮೇಲೆ ಕೂಡಿ ಕೈಯೆತ್ತಿದರು.
ನೀವಾಗಿದ್ದರೆ?

ಹಂಚಬೇಕು ಎಂದವರು ಹತ್ತೊಂಬತ್ತು ಜನ.
ಹಡಗಿಗೆ ಮೂರು,
ಅದರಲ್ಲೂ ಒಬ್ಬನಿಗೆ ಹಡಗಿನ ಬದಲು ಟಿಪ್ಪರ್ ಆದೀತು.
ದೇವೀರಮ್ಮನ ಕೈ ಎರಡಕ್ಕೂ ಏಳಲಿಲ್ಲ.
ಸಾ, ಅಗ್ದೋರು ಕೈ ಎತ್ತುದ್ರಾ?

ಪುಸ್ತಕದ ಆ ಪುಟದಲ್ಲಿ ಹಡಗಿನ ಚಿತ್ರವಿತ್ತು.
ಮೂರು ಸಾಲು ಹುಟ್ಟು, ಮೂತಿಗೆ ಬರೆದ ಕಣ್ಣು.
ಪುಸ್ತಕ ಮಡಿಸಿ ಹೇಳಿದೆ.
ಅಗೆದವರು ಗುಲಾಮರು, ಕೊಂಡು ತಂದವರು.
ಮೂರಡಿ ಎತ್ತರದ ಬಿಲ, ಬೋರಲು ಬಿದ್ದು ಕೆತ್ತಬೇಕು,
ಪಕ್ಕದಲ್ಲಿ ಅಂಗೈಯಷ್ಟು ಮಣ್ಣಿನ ಹಣತೆ.
(ಅದರೊಳಗಿನ ಎಣ್ಣೆಯೂ ಅದೇ ಮರದ್ದು.)
ಅವರು ಕೈ ಎತ್ತಿದ್ದರೂ ಸೂರು ತಗುಲುತ್ತಿತ್ತು,
ಎಣಿಸುವವರು ಇರಲಿಲ್ಲ.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಆಮೇಲೆ ದೇವೀರಮ್ಮ,
ನನ್ನನ್ನೇ ಸಮಾಧಾನ ಮಾಡುವವಳಂತೆ:
ನಮ್ಮಪ್ಪುಂದು ಮೂರ್ನೇ ಲೆವೆಲ್ಲು ಸಾ.
ಅಲ್ಲಿ ನಿಂತ್ಕಬೋದಂತೆ.

ಬೆಲ್ ಹೊಡೆಯಿತು. ಬೋರ್ಡು ಒರೆಸದೆ ಬಂದುಬಿಟ್ಟೆ.
ಗಣಿತದ ಮೇಷ್ಟರು ಅಥೆನ್ಸನ್ನು ಅರ್ಧ ಅಳಿಸಿ
ಬಡ್ಡಿ ಲೆಕ್ಕ ಹಾಕಿಸಿದ್ದರು.
ಲಾರಿಯನ್ ಉಳಿದಿತ್ತು.
ಅದನ್ನು ದಶಮಾಂಶದ ಚುಕ್ಕೆ ಅಂದುಕೊಂಡು
ತರಗತಿಯ ಮುಕ್ಕಾಲು ಮಂದಿ
ಉತ್ತರವನ್ನು ಹತ್ತು ಪಟ್ಟು ಕಡಿಮೆ ಬರೆದಿದ್ದರು.