ಮಳೆ ಕಾಣದ ನೀರು

ನನ್ನ ಹೆಸರು ಮೊತ್ಲಾಲೆಪುಲಾ.
ನಮ್ಮ ಲೆಸೊಥೊದಲ್ಲಿ ಮಳೆ ಹುಯ್ಯುವಾಗ ಹುಟ್ಟಿದವನಿಗೆ
ಇಡುವ ಹೆಸರು: ಮಳೆಯ ಜೊತೆ ಬಂದವನು.
ಕೆಲಸ ಮಾತ್ರ ಇಪ್ಪತ್ತಮೂರು ವರ್ಷದಿಂದ
ಮಳೆಯ ಸುದ್ದಿಯೂ ಇಳಿಯದ ಕಡೆ.

ಕಾರ್ಲ್ಟನ್‌ವಿಲ್ ಪಕ್ಕದ ಚಿನ್ನದ ಗಣಿ. ಪಂಜರ ಬಿದ್ದಂತೆ ಇಳಿಯುತ್ತದೆ,
ಕಿವಿ ಎರಡು ಸಲ ಮುಚ್ಚಿ ಎರಡು ಸಲ ತೆರೆಯುತ್ತದೆ,
ಆಮೇಲೆ ಇನ್ನೊಂದು ಪಂಜರ, ಇನ್ನೊಂದು ಇಳಿತ.
ಮೂರು ಕಿಲೋಮೀಟರು ಕೆಳಗೆ ಬಂಡೆಗೆ ಜ್ವರ:
ಅಂಗೈ ಇಟ್ಟವನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.
ಮೇಲಿಂದ ಕೊಳವೆಯಲ್ಲಿ ಐಸು ಕಳಿಸುತ್ತಾರೆ
ನಾವು ಬೇಯದಿರಲೆಂದು.

ಆ ಸೋಮವಾರ ನನ್ನ ಜೊತೆ ಇಳಿದದ್ದು
ಬ್ಲೂಮ್‌ಫಾಂಟೇನಿನ ರೀನೆಟ್ ಎಂಬ ವಿಜ್ಞಾನಿ.
ಕಾಲಿಗೆ ಒಂದು ಸೈಜು ದೊಡ್ಡ ಬೂಟು,
ಚೀಲದ ತುಂಬ ಗಾಜಿನ ಬಾಟಲಿ,
ಕೂಸಿನ ಹಾಲಿನ ಬಾಟಲಿಯ ಹಾಗೆ ಕುದಿಸಿ ಕುದಿಸಿ ತಂದದ್ದು.
"ಇದರ ಬಾಯಿಯ ಹತ್ತಿರ ಉಸಿರು ಬಿಡಬೇಡಿ" ಎಂದಳು.
"ನಿಮ್ಮ ಜೀವ ಇದರೊಳಗೆ ಬಿದ್ದರೆ
ನನಗೆ ಸಿಗುವುದು ನೀವೇ."

ಬಿರುಕಿನಿಂದ ನೀರು ಒಸರುತ್ತಿತ್ತು.
ನಾವು ದಿನಾ ಬೈದು ಪಂಪು ಹಚ್ಚಿ ಬಿಸಾಡುವ ನೀರು.
ಉಪ್ಪುಪ್ಪು; ಕೊಳೆತ ಮೊಟ್ಟೆಯ ವಾಸನೆ.
ಮೊಣಕಾಲೂರಿ ಹಿಡಿದಳು,
ತೊಟ್ಟು, ತೊಟ್ಟು, ಒಂದು ಬಾಟಲಿಗೆ ಐವತ್ತು ನಿಮಿಷ.
ಎರಡು ಕೋಟಿ ವರ್ಷವಾಯಿತಂತೆ ಈ ನೀರು ಮಳೆ ಕಂಡು.

ಇದರಲ್ಲೊಂದು ಜೀವಿ ಇರಬಹುದು ಎಂದಳು.
ಬಿಸಿಲು ಗೊತ್ತಿಲ್ಲ ಅದಕ್ಕೆ, ಎಲೆ ಗೊತ್ತಿಲ್ಲ, ಗಾಳಿಯೇ ವಿಷ.
ಬಂಡೆಯೊಳಗಿನ ಯುರೇನಿಯಂ ನೀರನ್ನು ಒಡೆಯುತ್ತದೆ,
ಒಡೆದ ಚೂರು ತಿಂದು ಅದು ಬದುಕುತ್ತದೆ.
ಅವಸರವಿಲ್ಲ. ಒಂದು ಎರಡಾಗಲು
ನೂರಾರು ವರ್ಷ ಹಿಡಿದರೂ ಹಿಡಿಯಲಿ.
"ಇಲ್ಲಿ ಇದು ಬದುಕುವುದಾದರೆ
ಮಂಗಳನ ಬಂಡೆಯಡಿ ಯಾಕೆ ಬದುಕಬಾರದು?
ಶನಿಯ ಸುತ್ತ ತಿರುಗುವ ಆ ಹಿಮದ ಚಂದ್ರನಲ್ಲಿ?
ಎಲ್ಲರೂ ಮೇಲೆ ನೋಡುತ್ತಾರೆ. ನನಗೆ ಇಲ್ಲಿಂದಲೇ ಹತ್ತಿರ."

ನಕ್ಕೆ. ನಗು ಬಂಡೆಗೆ ತಾಗಿ ವಾಪಸು ಬಂತು.
"ಡಾಕ್ಟರೇ, ಇಲ್ಲಿ ಜೀವ ಇದೆಯೇ ಎಂದು
ಒಬ್ಬರು ಕೇಳಿಕೊಂಡು ಬಂದದ್ದು ಇದೇ ಮೊದಲು.
ನಮ್ಮನ್ನು ಎಣಿಸುವುದು ಹಿತ್ತಾಳೆ ಬಿಲ್ಲೆಯಲ್ಲಿ.
ಸಂಜೆ ಮೊಳೆಗೆ ಬಿಲ್ಲೆ ಮರಳಿತೋ, ಇದ್ದೇವೆ."

ಆಮೇಲೆ, ಬಾಟಲಿ ತುಂಬುವ ತನಕ
ಮಾಡಲು ಬೇರೇನೂ ಇಲ್ಲದ್ದಕ್ಕೆ, ಹೇಳಿದೆ:

ಆ ವರ್ಷ ನೆಲ ನಡುಗಿ ಪೂರ್ವದ ಸುರಂಗ ಕೂತಿತು.
ಒಳಗೆ ಐದು ಜನ.
ಪಂಪು ನಿಲ್ಲಿಸಿದೆವು, ಫ್ಯಾನು ನಿಲ್ಲಿಸಿದೆವು,
ಆ ಧಗೆಯಲ್ಲಿ ನಲವತ್ತು ಗಂಡಸರು ಉಸಿರು ಬಿಗಿಹಿಡಿದೆವು.
ಕೊಳವೆಗೆ ಸುತ್ತಿಗೆಯಿಂದ ಮೂರು ಬಡಿತ.
ಕಿವಿಗೊಟ್ಟೆವು.
ಮತ್ತೆ ಮೂರು.
ಬಂಡೆ ತನ್ನ ಪಾಡಿಗೆ ತಾನು ಚಟಚಟ ಅನ್ನುತ್ತದೆ;
ಅದನ್ನೇ ಉತ್ತರವೆಂದು ಕುಣಿದವರಿದ್ದಾರೆ,
ನಾನೂ ಕುಣಿದಿದ್ದೇನೆ.
ಎರಡು ದಿನ ಹೀಗೆ. ಮೂರನೆಯ ಬೆಳಿಗ್ಗೆ ಸಾಹೇಬರು
ಐದು ಹೆಸರಿನ ಮೇಲೂ ಅಡ್ಡಗೆರೆ ಎಳೆದರು.

ನಾವು ಅಗೆದೆವು, ಬರೀ ಹಟಕ್ಕೆ.
ನಾಲ್ವರು ಹೋಗಿದ್ದರು.
ಸೆಖೊನ್ಯಾನಾ ಇದ್ದ.
ಎರಡು ಕೈಯೂ ಬಂಡೆಯಡಿ, ಗಂಟಲ ತುಂಬ ಧೂಳು.
"ಎಲ್ಲ ಕೇಳಿಸುತ್ತಿತ್ತು" ಅಂದ, ನೀರು ಕುಡಿದ ಮೇಲೆ.
"ಒಂದೊಂದು ಬಡಿತವನ್ನೂ ಎಣಿಸಿದೆ.
ಬಡಿಯಲು ಕೈ ಇರಲಿಲ್ಲ, ಅಷ್ಟೆ."

ರೀನೆಟ್ ಏನೂ ಅನ್ನಲಿಲ್ಲ.
ಬಾಟಲಿ ತುಂಬಿ, ಅವಳ ಕೈಗವಸಿನ ಮೇಲೆ ಹರಿಯಿತು.

ಸಂಜೆ ಮೊಳೆಗೆ ನನ್ನ ಬಿಲ್ಲೆ ಹಾಕಿದೆ: ೪೪೧೭.
ಗಣಿಮಣ್ಣಿನ ಗುಡ್ಡದ ಮೇಲೆ ಬೆರಳು ತೋರಿಸಿದಳು,
ಅಗೋ, ಕೆಂಪಗೆ, ಅದೇ ಮಂಗಳ.
ನನಗೆ ಸಾಸಿವೆಯಷ್ಟು ಕಂಡಿತು.
ಹಾಸ್ಟೆಲಿನ ಬಸ್ಸು ಬಂದು ನಿಂತು ಗುರುಗುಟ್ಟುತ್ತಿತ್ತು.

"ಒಂದು ನಿಮಿಷ ಇಂಜಿನ್ನು ಆಫ್ ಮಾಡಪ್ಪ" ಅಂದೆ.
"ಯಾಕೆ, ಏನಾಯಿತು?"
"ಏನಿಲ್ಲ."

ಬೈಯುತ್ತಲೇ ಮಾಡಿದ.