ಹನ್ನೊಂದು ಸಾಲು

ಪೈವಳಿಕೆಯ ಶಾಲೆ, ಕಂಪ್ಯೂಟರ್ ಕೋಣೆ.
ಲ್ಯಾಪ್‌ಟಾಪು ಒಮ್ಮೆ ಮುಚ್ಚಿ ತೆರೆದರೆ
ವೈಫೈ ಸತ್ತಿರುತ್ತದೆ.
ಮಕ್ಕಳು ಕಂಡುಕೊಂಡ ಮದ್ದು: ಮುಚ್ಚದಿರುವುದು.
ಹದಿನಾಲ್ಕರ ಬಾಯಿಗೂ ಪೆನ್ಸಿಲ್ ಸಿಕ್ಕಿಸಿದ್ದಾರೆ.

ತಪ್ಪನ್ನು ಯಾರೋ ಆಗಲೇ ಸರಿಪಡಿಸಿದ್ದಾರೆ,
ಹೊಸ ಕರ್ನಲ್ಲಿನಲ್ಲಿ. ಸಾರ ಇಷ್ಟೇ:
ನಿದ್ದೆಯಿಂದೆದ್ದ ರೇಡಿಯೋ
ಹೂಂ ಅನ್ನುವ ತನಕ ಕಾದಿರು,
ಆಮೇಲೆ ಮಾತಾಡಿಸು.

ನಮ್ಮದು ಹಳೆಯದು. ಪರೀಕ್ಷೆ ಮುಗಿಯುವವರೆಗೆ
ಎಲ್ಲ ಇದ್ದ ಹಾಗೇ ಇರಬೇಕೆಂದು ಮೇಲಿನವರ ಮಾತು.
ಆ ಹನ್ನೊಂದು ಸಾಲನ್ನು ಇಲ್ಲಿಗೆ ತಂದೆ.
ಏಳು ಕೂತವು. ನಾಲ್ಕು ಕೂರಲೊಲ್ಲವು;
ಅವು ಹೆಸರು ಹಿಡಿದು ಕರೆಯುವವರು
ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ಪಕ್ಕದ ಬೆಂಚಿನಲ್ಲಿ ನೆಬೀಸಾ ಟೀಚರು,
ಮಲಯಾಳದಲ್ಲಿ ಬಂದ ತಿದ್ದೋಲೆಯನ್ನು
ಕನ್ನಡ ಪುಸ್ತಕಕ್ಕೆ ಇಳಿಸುತ್ತಿದ್ದಾರೆ, ಕೆಂಪು ಶಾಯಿಯಲ್ಲಿ.
ಪುಟ ಮೂವತ್ತಾರು, ಮೂರನೇ ಸಾಲು ಎಂದಿದೆ.
ನಮ್ಮದರಲ್ಲಿ ಅದು ನಲವತ್ತೊಂದು,
ಅಲ್ಲೂ ಎರಡಾಗಿ ಒಡೆದಿದೆ.
“ಸಾಲು ಹುಡುಕಬೇಡ ಮಾರಾಯ್ತಿ, ತಪ್ಪು ಹುಡುಕು”
ಅಂದರು, ತಮಗೇ.

ನಾಲ್ಕನ್ನೂ ಅಳಿಸಿದೆ.
ಹಳೆಯ ಹೆಸರುಗಳಲ್ಲೇ ಮೂರು ಬರೆದೆ.
ಕಾಯುವುದಕ್ಕೆ ಹಳತರಲ್ಲೂ ಒಂದು ಪದ ಇತ್ತು.
ಮೊದಲು ಬರೆದವನ ಹೆಸರು ಮೇಲೆ, ನನ್ನದು ಕೆಳಗೆ.

ನಾಲ್ಕೂಕಾಲು. ಬಸ್ಸಿಗೆ ಹೊತ್ತಾಯಿತು.
ಏಳನೆಯ ಪ್ರಿಯೋಲಾ ಪೆನ್ಸಿಲ್ ಎಳೆದು ಮುಚ್ಚಿದಳು.
ಕೊಂಕಣಿಯಲ್ಲಿ ಹತ್ತು ಎಣಿಸಿದಳು.
ತೆರೆದಳು.
ಮೂಲೆಯಲ್ಲಿ ಗೆರೆಗಳು
ಒಂದು, ತಡೆದು, ಎರಡು, ಮೂರು.

ನಕ್ಕಳು.
ಪೆನ್ಸಿಲನ್ನು ಮಾತ್ರ ಚೀಲಕ್ಕೆ ಹಾಕಲಿಲ್ಲ,
ಕೈಗೆಟಕುವ ಹಾಗೆ
ಅಲ್ಲೇ ಪಕ್ಕದಲ್ಲಿಟ್ಟಳು.