ಹದಿನಾರನೇ ಪಟ್ಟಿ

ಕಾರವಾರ ರೋಡಿನ ಕಟಗೀ ಅಡ್ಡೇದಾಗ
ಹಜರೇಸಾಬ ಕಾಕಾ ಮೊದಲು ಕೇಳಿದ್ದು ರೊಕ್ಕದ ಮಾತಲ್ಲ.
'ಏನ್ ಬಾರಸ್ತೀ ತಂಗಿ, ಯಾರ ಮುಂದ?'

ಐತವಾರ ಕೇಶ್ವಾಪುರದ ಚರ್ಚಿನಾಗ, ಅಂದೆ ದೊಡ್ಡ ದನಿಲೆ.
ಶನಿವಾರ ವಿದ್ಯಾನಗರದ ಒಂದು ಗೋಡೌನಿನಾಗ,
ಮೂರು ಹುಡುಗರು, ಎರಡು ಗಿಟಾರು, ಬರೇ ಸಿಟ್ಟು.
ಲಗ್ನದ ಸೀಜನ್ನಿಗೆ ಆರ್ಕೆಸ್ಟ್ರಾ,
ಜನರೇಟರಿನ ಸಪ್ಪಳ ದಾಟಿ ಕೇಳಿಸಬೇಕು ಅಲ್ಲಿ.

ನನ್ನ ತುಟಿ ನೋಡಕೊಂತ ನಿಂತಿದ್ದ. ನಕ್ಕ.
'ಮೂರು ಮನಿ ಊಟ, ಒಂದ ಗಂಗಾಳ.'

ನಲವತ್ತು ವರ್ಷದ ಗರಗಸ ಅವನ ಕಿವಿ ತಿಂದದ.
ಅದಕ್ಕ ಕಟಗಿಯ ಒಂದು ತುದಿ ಹಲ್ಲಾಗ ಕಚ್ಚಿ
ಇನ್ನೊಂದು ತುದಿಗೆ ಬೆರಳ ಗೆಣ್ಣಿಲೆ ಬಡೀತಾನ,
ದವಡಿಯೊಳಗ ಬರೂ ದನಿಗೆ ಕಣ್ಣು ಮುಚ್ಚತಾನ.

ಮಾವು ಕಚ್ಚಿದ: 'ಮೆತ್ತಗದ. ದನಿ ಸೀದಾ ಹೊಟ್ಟಿಗೆ ಇಳೀತದ.
ನಿನ್ನ ಚರ್ಚಿನ ಮುದುಕರಿಗೆ ಬೇಷ್. ಹುಳ ಹತ್ತತಾವ, ಅಷ್ಟ.'
ಹೊನ್ನಿ: 'ಜಗಳಗಂಟಿ ಇದು. ಹೊಡದ ಕೂಡಲೆ ಎದುರು ಮಾತು.
ಆ ಸಿಟ್ಟಿನ ಹುಡುಗರಿಗೆ ಕೊಡು.'
ಸಾಗವಾನಿ ಎತ್ತಿ ನೋಡಲೂ ಇಲ್ಲ,
'ಅದು ಬಾಗಲಾ ಆಗತದ, ಬಾಯಿ ಆಗೂದಿಲ್ಲ.'
ಬೇವು ಕಚ್ಚಿ ಉಗುಳಿದ.
ಅದರ ಬಗ್ಗೆ ಏನೂ ಹೇಳಲಿಲ್ಲ.

ಫೋನಿನಾಗ ತೋರಿಸಿದೆ: ಮೇಪಲ್ ಎಲ್ಲಾದಕ್ಕೂ ಒಗ್ಗತದಂತ,
ಬರ್ಚ್ ಭಾಳ ಖಡಕ್ಕಂತ, ನನ್ನ ಆರು ತಿಂಗಳ ಪಗಾರಂತ.
ಬೆರಳಲೆ ಚಿತ್ರ ದೊಡ್ಡದು ಮಾಡಿ ನೋಡಿದ.
'ಹಿಮದಾಗ ನಿಂತ ಗಿಡ.
ನಮ್ಮ ಏಪ್ರಿಲ್ ಬಿಸಲಿಗೆ ಏನಂತದೋ.
ಒಂದು ತುಂಡು ತಂದು ಕೊಡು, ಕಚ್ಚಿ ಹೇಳತೇನಿ.'

ಕಲಘಟಗಿ ಕಡೆಯ ಹಲಸು ಕಡೀಕ ಬಂತು,
ಆರು ವರ್ಷ ತಗಡಿನ ಕೆಳಗ ಒಣಗಿದ್ದು.
ಅದನ್ನ ಕಚ್ಚಿ ಭಾಳೊತ್ತು ಸುಮ್ಮನಿದ್ದ.
ಅಂಗಿ ಚುಂಗಿಲೆ ಒರಸಿ ನನಗ ಕೊಟ್ಟ: 'ನೀನ ಕೇಳು.'
ಕಚ್ಚಿದೆ. ಬಡದ.
ತಲಿಯೊಳಗ ಒಂದು ಕ್ವಾಣ್ಯಾಗ ದೀಪ ಹತ್ತಿತು,
ಹತ್ತಿದಷ್ಟು ಲಗೂ ಆರಲಿಲ್ಲ.

'ದಪ್ಪ ಇಟ್ಟರ ಕೂಗತದ, ತೆಳ್ಳಗ ಮಾಡಿದರ ಮಾತಾಡತದ.
ನಿನಗ ಯಾವುದು?'
ಎರಡೂ, ಅಂದೆ.
ರಂದಾ ಹೊಡಿಯೂದು ಬಿಟ್ಟು ಒಮ್ಮೆ ನನ್ನ ನೋಡಿದ.

ಹನ್ನೊಂದು ದಿವಸ.
ಹದಿನಾರು ಪಟ್ಟಿ ಜೋಡಿಸಿ ಒಂದು ಸ್ನೇರ್.
ಹದಿನೈದು ಹಳದಿ, ಒಂದು ಕೆಂಪು.
'ಹಲಸಿನ ಕಡೀ ಪಟ್ಟಿ ಸೀಳಿತು, ಹೊನ್ನಿ ಹಾಕೇನಿ,'
ಅಂದ, ಅಂಗಿ ಗುಂಡಿ ತಪ್ಪಿದ್ದು ಹೇಳಿದಷ್ಟ ಸಹಜ.
ನಾನು ಆ ತಪ್ಪನ್ನ ನನ್ನ ಕಡೆ ತಿರುಗಿಸಿ ಇಟ್ಟೆ,
ಮಂದಿಗೆ ಕಾಣದಂಗ.

'ಬಾರಸು' ಅಂತ ಮೊಣಕಾಲೂರಿ
ತಳದ ಅಂಚಿಗೆ ಗದ್ದ ಹಚ್ಚಿ ಕೂತ.
ಮೊದಲು ಚರ್ಚಿನಂಗ, ಬ್ರಶ್ಶಿಲೆ,
ಸಾಲು ಸಾಲಿಗೆ ಮುದುಕರು ಉಸಿರು ತಗೊಳ್ಳಾಕ ಜಾಗ ಬಿಟ್ಟು.
ಆಮ್ಯಾಲ ಲಗ್ನ.
ಆಮ್ಯಾಲ ಗೋಡೌನು:
ಹೊಟ್ಟಿನ ರಾಶಿಯ ಮ್ಯಾಲಿನ ನಾಯಿ ಎದ್ದು ರೋಡಿಗೆ ಹೋತು,
ಕಾಕಾ ಕದಲಲಿಲ್ಲ.

ಕೋಲು ಕೆಳಗಿಟ್ಟ ಮ್ಯಾಲೂ ಸ್ವಲ್ಪ ಹೊತ್ತು ಹಂಗ ಕೂತು,
'ಆ ಕೆಂಪಂದು,' ಅಂದ,
'ಉಳದ ಹದಿನೈದನ್ನ ನಿದ್ದಿ ಮಾಡಗೊಡೂದಿಲ್ಲ ನೋಡು.'

ಎದ್ದ. ಗದ್ದದ ಮ್ಯಾಲ ಅಂಚಿನ ಗೆರಿ.
ನಾನು ಪರ್ಸು ತಗದು ನೋಟು ಎಣಿಸಿದೆ.
'ಆರನೂರು ಕಡಿಮಿ ಅದ,' ಅಂದ ಬೆನ್ನು ತಿರುಗಿಸಿ ನಿಂತಾಂವ,
'ಈ ಒಂದು ಸಪ್ಪಳ ಇನ್ನೂ ಕಿವ್ಯಾಗ ಕೇಳತದ ನನಗ.'